ಹಾರ್ಡ್ ಡಿಸ್ಕ್ ನೀವೇ ಇಟ್ಟುಕೊಳ್ರಿ, ಕಂಪ್ಯೂಟರ್ ಕೊಡ್ರಿ

ಕಲಬುರಗಿಯ ದಾಲ್ ಮಿಲ್ ಮಾಲೀಕರಲ್ಲಿ, ಲೆಕ್ಕಪರಿಶೋಧಕರಲ್ಲಿ, ಆಸ್ಪತ್ರೆ ಮತ್ತು ಕೋಚಿಂಗ್ ಸೆಂಟರ್ ನಡೆಸುವವರಲ್ಲಿ ಒಂದು ಬಿನ್ನಹ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹಾಗಾಗಿ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಯಂತ್ರಗಳು ನಿಮ್ಮ ಆಫೀಸಿನ ಮೂಲೆ ಸೇರಿವೆ. ಅವನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಹುಮನಾಬಾದ್ ರಸ್ತೆಯಲ್ಲಿ ಮುಕ್ಕಾಲು ತಾಸು ಹೋದರೆ ಕಮಲಾಪುರ. ಆ ತಾಲ್ಲೂಕಿನ ಶಾಲೆಗಳಿಗೆ ಕೊಡಿ.

ಕೊಡಲು ಹಿಂಜರಿಯುವುದು ಜಿಪುಣತನದಿಂದಲ್ಲ, ಗೊತ್ತಿದೆ. ಹದಿನೈದು ವರ್ಷದ ಲೆಕ್ಕ, ಗಿರಾಕಿಗಳ ಆಧಾರ್, ರೋಗಿಗಳ ವರದಿ ಎಲ್ಲವೂ ಆ ಡಬ್ಬಿಯಲ್ಲಿವೆ ಎಂಬ ಅಂಜಿಕೆ. ಸರಿಯಾದ ಅಂಜಿಕೆಯೇ. ಅದಕ್ಕೇ ಹೇಳುತ್ತಿರುವುದು: ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದು ನಿಮ್ಮಲ್ಲೇ ಇಟ್ಟುಕೊಳ್ಳಿ. ಶಾಲೆಗೆ ಅದು ಬೇಕಾಗಿಯೇ ಇಲ್ಲ.

ಡಿಸ್ಕ್ ಇಲ್ಲದ ಯಂತ್ರ ಹೇಗೆ ಓಡುತ್ತದೆ? ಸ್ವಿಚ್ ಒತ್ತಿದಾಗ ಅದರ ನೆಟ್‌ವರ್ಕ್ ಕಾರ್ಡ್ ಕೇಬಲ್ ಮೂಲಕ ‘ನನಗೊಂದು ವಿಳಾಸ ಕೊಡಿ, ಶುರುವಾಗಲು ಬೇಕಾದ್ದು ಎಲ್ಲಿದೆ ಹೇಳಿ’ ಎಂದು ಕೇಳುತ್ತದೆ. ಕೋಣೆಯಲ್ಲಿರುವ ಒಂದು ಒಳ್ಳೆಯ ಕಂಪ್ಯೂಟರ್, ಅಂದರೆ ಸರ್ವರ್, ಉತ್ತರ ಕೊಟ್ಟು, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ತಿರುಳನ್ನು, ಅಂದರೆ ಕರ್ನಲ್ ಅನ್ನು, ಮೊದಲು ಕಳಿಸುತ್ತದೆ. ಉಳಿದದ್ದನ್ನು ಬೇಕುಬೇಕಾದಂತೆ ಬಡಿಸುತ್ತದೆ. ಇದಕ್ಕೆ ಪಿಎಕ್ಸ್‌ಇ ಬೂಟ್ ಎನ್ನುತ್ತಾರೆ. ಎಲ್‌ಟಿಎಸ್‌ಪಿ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಮಾಡುತ್ತಿದೆ. ಶಾಲೆಯಲ್ಲಿ ಈಗಾಗಲೇ ಇಂಟರ್ನೆಟ್ ರೌಟರ್ ಇದ್ದರೆ ಅದನ್ನು ಮುಟ್ಟಬೇಕಿಲ್ಲ. ವಿಳಾಸವನ್ನು ಅದೇ ಕೊಡಲಿ, ಬೂಟ್ ದಾರಿ ಮಾತ್ರ ಸರ್ವರ್ ತೋರಿಸುತ್ತದೆ.

ಶಿಕ್ಷಕರಿಗೆ ಇದರಲ್ಲಿ ದೊಡ್ಡ ನೆಮ್ಮದಿಯಿದೆ. ಹೊಸ ತಂತ್ರಾಂಶವನ್ನು ಸರ್ವರ್‌ನಲ್ಲಿ ಒಮ್ಮೆ ಹಾಕಿ ಇಮೇಜ್, ಅಂದರೆ ಯಂತ್ರಗಳಿಗೆ ಬಡಿಸುವ ಪ್ರತಿ, ಹೊಸದು ಮಾಡಿದರೆ ಎಲ್ಲ ಯಂತ್ರಗಳಿಗೂ ಬಂತು. ಮಗು ಏನನ್ನೋ ಅಳಿಸಿ ಕೆಡಿಸಿದರೆ ಮತ್ತೆ ಸ್ವಿಚ್ ಒತ್ತಿದರಾಯಿತು. ಮಕ್ಕಳು ಉಳಿಸಿದ ಕಡತ ಸರ್ವರ್‌ನಲ್ಲಿರುವುದರಿಂದ ಇವತ್ತು ಈ ಯಂತ್ರದಲ್ಲಿ ಬರೆದದ್ದನ್ನು ನಾಳೆ ಪಕ್ಕದ ಯಂತ್ರದಲ್ಲಿ ಮುಂದುವರಿಸಬಹುದು. ನಮ್ಮ ಬಿಸಿಲು, ಧೂಳಿಗೆ ಹಳೆಯ ಹಾರ್ಡ್ ಡಿಸ್ಕ್‌ಗಳೇ ಮೊದಲು ಕೈಕೊಡುವುದು; ಇಲ್ಲಿ ಆ ಚಿಂತೆಯೂ ಇಲ್ಲ. ಒಂದು ತೊಡಕು ಮಾತ್ರ ನಿಜ: ಸರ್ವರ್ ಕೂತರೆ ಇಡೀ ಕೋಣೆ ಕೂರುತ್ತದೆ. ಅದಕ್ಕೊಂದು ಯುಪಿಎಸ್, ಮಕ್ಕಳ ಕಡತಗಳಿಗೊಂದು ಬ್ಯಾಕಪ್ ಇರಲೇಬೇಕು.

‘ಲಿನಕ್ಸ್ ಹಳ್ಳಿ ಮಕ್ಕಳಿಗೆ ತಿಳಿಯೂದಿಲ್ರೀ’ ಎನ್ನುವವರು ಕಾಸರಗೋಡಿನ ಕಡೆ ನೋಡಲಿ. ಕೇರಳ 2001ರಲ್ಲಿ ಶುರುಮಾಡಿದ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್, ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿಕೊಂಡಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸ್‌ನಲ್ಲಿ, ಪಠ್ಯಪುಸ್ತಕವೂ ಕನ್ನಡದಲ್ಲಿದೆ. ನಮ್ಮ ಮಕ್ಕಳಿಗೇನು ಕಡಿಮೆ? ಗುಬ್ಬಿ, ನವಿಲು ಯುನಿಕೋಡ್ ಫಾಂಟ್‌ಗಳು ಲಿನಕ್ಸ್‌ನಲ್ಲಿ ಸಿಗುತ್ತವೆ, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಇದೆ. ತಮ್ಮೂರ ಕೆಂಪು ಬಾಳೆಯ ಬಗ್ಗೆ ಕಮಲಾಪುರದ ಮಕ್ಕಳೇ ಕನ್ನಡದಲ್ಲಿ ಟೈಪ್ ಮಾಡಿ ಪುಟ ಕಟ್ಟಲಿ.

ಕೊಡುವವರು ಇಷ್ಟು ನೋಡಿ. ಯಂತ್ರ 64 ಬಿಟ್‌ನದ್ದಾಗಿರಲಿ, ರ‍್ಯಾಮ್ 2 ಜಿಬಿಗಿಂತ ಕಡಿಮೆ ಬೇಡ. 4 ಜಿಬಿ ಇದ್ದರೆ ಬ್ರೌಸರ್ ಆರಾಮಾಗಿ ತೆರೆಯುತ್ತದೆ. ಕೇಬಲ್ ಹಾಕುವ ಕಿಂಡಿ ಸರಿಯಿರಬೇಕು, ವೈಫೈ ನಂಬಿ ಇದು ನಡೆಯುವುದಿಲ್ಲ. ದಪ್ಪ ಬೆನ್ನಿನ ಹಳೆಯ ಮಾನಿಟರ್ ಕಳಿಸಬೇಡಿ. ಅದರ ಗಾಜಿನಲ್ಲಿ ಸೀಸವಿದೆ. ಪೂರ್ತಿ ಕೆಟ್ಟದ್ದನ್ನೂ ಶಾಲೆಗೆ ಹೊರಿಸಬೇಡಿ, ಅದು ದಾನವಲ್ಲ. ಸರ್ಕಾರಿ ಕಚೇರಿಯವರು ತಮ್ಮ ವಿಲೇವಾರಿ ನಿಯಮ ನೋಡಿಯೇ ಮುಂದುವರಿಯಲಿ. ಕೈ ಬಿಚ್ಚಿ ಕೊಡುವ ದೊಡ್ಡ ಮನೆಗಳು ಒಂದು ಸರ್ವರ್ ಮತ್ತು ಗಿಗಾಬಿಟ್ ಸ್ವಿಚ್‌ನ ಖರ್ಚು ವಹಿಸಿಕೊಂಡರೆ ಉಪಕಾರ.

ಕಲಬುರಗಿಯ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಹುಡುಗ ಹುಡುಗಿಯರೇ, ಪ್ರಾಜೆಕ್ಟ್ ವರದಿಯನ್ನು ದುಡ್ಡು ಕೊಟ್ಟು ಬರೆಸುವುದು ಬಿಟ್ಟು ಒಂದು ಶಾಲೆ ಹಿಡಿಯಿರಿ. ಬಯಾಸ್‌ನಲ್ಲಿ ನೆಟ್‌ವರ್ಕ್ ಬೂಟ್ ಮೊದಲಿಗೆ ತರುವುದು, ಕೇಬಲ್ ಕ್ರಿಂಪ್ ಮಾಡುವುದು, ಮೇಷ್ಟ್ರಿಗೆ ಇಮೇಜ್ ಬದಲಿಸಲು ಕಲಿಸುವುದು ನಿಮ್ಮ ಕೆಲಸ. ಹಾಕಿ ಬಂದು ಮರೆಯಬೇಡಿ. ವರ್ಷಪೂರ್ತಿ ಮೇಷ್ಟ್ರ ಫೋನ್ ಎತ್ತಬೇಕು.

ಯಂತ್ರಗಳನ್ನು ಒರೆಸಿ, ಪ್ರತಿಯೊಂದರ ಮೇಲೂ ರ‍್ಯಾಮ್ ಎಷ್ಟೆಂದು ಚೀಟಿ ಅಂಟಿಸಿ, ಬೇಸಿಗೆ ರಜೆ ಮುಗಿಯುವ ಮೊದಲೇ ನಿಮಗೆ ಹತ್ತಿರವೆನಿಸಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಒಪ್ಪಿಸಿ ಬರ್ರಿ.