ಬೊಜ್ಜಿನ ಶಸ್ತ್ರಚಿಕಿತ್ಸೆ: ಸಫಲತೆಯ ಒರೆಗಲ್ಲು ಯಾವುದು?

ಬರಗಾಲಕ್ಕೆ ಹೆಸರಾದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಬೊಜ್ಜಿನ ಮಾತೇಕೆಂದು ವಾಚಕರಲ್ಲಿ ಕೆಲವರು ಕೇಳಿಯಾರು. ಕಾಲ ಬದಲಾಗಿದೆ. ಎಣ್ಣೆ ಗಿರಣಿಯ ಗಾದಿಯ ಮೇಲೆ ಕುಳಿತ ವರ್ತಕನೂ, ಕಚೇರಿಯ ಮೇಜು ಬಿಟ್ಟೇಳದ ನೌಕರನೂ ಈ ವ್ಯಾಧಿಗೆ ಹೊರತಾದವರಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿಮೀರಿದೆ. ನಮ್ಮ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಈ ಎರಡು ಅಂಕಿಗಳನ್ನೂ ಒಟ್ಟಿಗೆ ಮನಸ್ಸಿನಲ್ಲಿಡಬೇಕು.

ಜಠರವನ್ನು ಕಿರಿದುಮಾಡಿ, ಕೆಲವೊಮ್ಮೆ ಕರುಳಿನ ಮಾರ್ಗವನ್ನೂ ಬದಲಿಸಿ ತೂಕವಿಳಿಸುವ ಶಸ್ತ್ರಚಿಕಿತ್ಸೆಯು ಮಹಾನಗರಗಳಲ್ಲಿ ಬೇರೂರಿದೆ. ಏಷ್ಯದವರಿಗೆ ದೇಹತೂಕ ಸೂಚ್ಯಂಕ 27.5 ಆದೊಡನೆ ಇದನ್ನು ಒದಗಿಸಬಹುದೆಂದು 2022ರಲ್ಲಿ ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಸಾರಿದುವು. ಬಾಗಿಲು ಅಗಲವಾಗಿದೆ; ಒಳಹೊಕ್ಕವನ ಮುಂದಿನ ಗತಿಯನ್ನು ವಿಚಾರಿಸುವುದು ನಮ್ಮ ಕರ್ತವ್ಯ.

ಈ ಚಿಕಿತ್ಸೆಯು ಸಫಲವಾಯಿತೆನ್ನುವುದು ಯಾವಾಗ? ಹೆಚ್ಚುವರಿ ತೂಕದಲ್ಲಿ ಅರ್ಧವಾದರೂ ಇಳಿಯಬೇಕೆಂಬುದು ಶಸ್ತ್ರವೈದ್ಯರಲ್ಲಿ ಬಹುಕಾಲದಿಂದ ನಡೆದುಬಂದ ಅಳತೆ. ಮಧುಮೇಹದ ವೈದ್ಯರಿಗೆ ತೂಕಕ್ಕಿಂತ ಸಕ್ಕರೆ ಮುಖ್ಯ: ಔಷಧಿ ನಿಲ್ಲಿಸಿ ಮೂರು ತಿಂಗಳಾದ ಮೇಲೂ ಸರಾಸರಿ ಸಕ್ಕರೆಯ ರಕ್ತಪರೀಕ್ಷೆಯು ನೂರಕ್ಕೆ 6.5ಕ್ಕಿಂತ ಕೆಳಗಿದ್ದರೆ ರೋಗವು ಶಮನಗೊಂಡಂತೆಂದು 2021ರಲ್ಲಿ ತಜ್ಞರು ನಿರ್ಣಯಿಸಿದರು. ಆಹಾರತಜ್ಞರು ಕಬ್ಬಿಣಾಂಶ, ಪ್ರೋಟೀನು, ಬಿ12 ಜೀವಸತ್ವಗಳನ್ನು ನೋಡುತ್ತಾರೆ. ಮನೋವೈದ್ಯರು ತಿನ್ನುವ ಚಪಲವೂ ಮನದ ಕುಗ್ಗುವಿಕೆಯೂ ಹೋದುವೇ ಎಂದು ನೋಡುತ್ತಾರೆ. ರೋಗಿಗೋ, ಜಟಿಂಗ ರಾಮೇಶ್ವರ ಬೆಟ್ಟವನ್ನು ಏದುಸಿರಿಲ್ಲದೆ ಹತ್ತಿದರೆ ಅದೇ ಸಫಲತೆ.

ಇವರಲ್ಲಿ ಯಾರ ಮಾತೂ ಸುಳ್ಳಲ್ಲ. ಆದರೆ ಮೊದಲ ವರುಷದ ತಕ್ಕಡಿಯನ್ನೇ ಕಡೆಯ ತೀರ್ಪೆಂದೆಣಿಸುವುದು ಸರಿಯಲ್ಲ. ಇಳಿದ ತೂಕ ಕೆಲವರಲ್ಲಿ ಮರಳಿ ಏರುವುದು ಆಮೇಲೆ; ಬಿ12ರ ಕೊರತೆ ನರಗಳನ್ನು ಕೆಡಿಸುವುದೂ ಮೆಲ್ಲಮೆಲ್ಲನೆ. ಮೊದಲೇ ರಕ್ತಹೀನಳಾದ ಹೆಣ್ಣುಮಗಳು ಮಾತ್ರೆಗಳನ್ನು ಬಿಟ್ಟರೆ, ತೂಕದ ಲೆಕ್ಕದಲ್ಲಿ ಗೆದ್ದು ಆರೋಗ್ಯದ ಲೆಕ್ಕದಲ್ಲಿ ಸೋತಂತೆಯೇ. ಶಸ್ತ್ರಚಿಕಿತ್ಸೆ ನಡೆಯುವುದು ನಗರದಲ್ಲಿ. ಅದರ ಫಲವನ್ನು ಬಾಳಿನುದ್ದಕ್ಕೂ ಉಣ್ಣಬೇಕಾದುದು ಊರಿನಲ್ಲಿ.

ಆದಕಾರಣ ನಾವು ಕೇಳುವುದಿಷ್ಟೆ. ರೋಗಿಯನ್ನು ಬೀಳ್ಕೊಡುವಾಗ ಆಸ್ಪತ್ರೆಯವರು ಯಾವ ಪರೀಕ್ಷೆ ಯಾವಾಗ ಆಗಬೇಕೆಂಬುದನ್ನು ಕನ್ನಡದಲ್ಲಿ ಬರೆದುಕೊಡಲಿ. ಪಥ್ಯದ ಪಟ್ಟಿಯಲ್ಲಿ ನಮ್ಮ ರಾಗಿ, ಹುರುಳಿ, ಶೇಂಗಾಗಳಿಗೆ ಎಷ್ಟು ಎಡೆಯೆಂದು ತಿಳಿಸಲಿ. ಆ ಪರೀಕ್ಷೆಗಳೂ ಮಾತ್ರೆಗಳೂ ತಾಲ್ಲೂಕು ಆಸ್ಪತ್ರೆಯಲ್ಲೇ ದೊರೆಯುವಂತೆ ಆರೋಗ್ಯ ಇಲಾಖೆಯವರು ಏರ್ಪಾಡು ಮಾಡಲಿ. ತೂಕ, ಸಕ್ಕರೆ, ರಕ್ತ, ಮನಸ್ಸು ಈ ನಾಲ್ಕನ್ನೂ ಐದು ವರುಷ ಒಂದೇ ಪುಸ್ತಕದಲ್ಲಿ ಬರೆದಿಟ್ಟು, ರೋಗಿಯನ್ನೂ ಕೇಳಿ, ಆಮೇಲೆ ಸಫಲತೆಯ ಮಾತನ್ನಾಡಲಿ. ಅಲ್ಲಿಯವರೆಗೆ ಚಿಕಿತ್ಸೆಗೆಂದು ಹಣ ಹೊಂದಿಸುತ್ತಿರುವ ನಮ್ಮ ಸೋದರರು, ಎಷ್ಟು ತೂಕ ಇಳಿಯುವುದೆಂದು ಕೇಳುವುದರೊಡನೆ, ಐದನೆಯ ವರುಷದಲ್ಲಿ ತಮ್ಮನ್ನು ನೋಡುವವರು ಯಾರೆಂಬುದನ್ನೂ ತಪ್ಪದೆ ಕೇಳಬೇಕೆಂದು ನಮ್ಮ ಬಿನ್ನಹ.