ಕೆಟ್ಟ ಪೆಡಲ್ ತರಗತಿಗೆ ಬರಲಿ

ಅಭ್ಯಾಸ ಬೋಧನೆಯ ಭೌತಶಾಸ್ತ್ರ ಪಾಠಗಳಲ್ಲಿ ಪ್ರಯೋಗಗಳು ಮೊದಲ ಸಲಕ್ಕೇ ಯಶಸ್ವಿಯಾಗುತ್ತವೆ. ಹಿಂದಿನ ದಿನವೇ ಎಲ್ಲ ಸರಿಪಡಿಸಿ ತಂದಿರುತ್ತಾರೆ. ವೀಕ್ಷಣಾ ನಮೂನೆಯಲ್ಲಿ ಅದಕ್ಕೆ ಪೂರ್ಣ ಅಂಕ. ನನಗಿದು ಒಪ್ಪಿಗೆಯಿಲ್ಲ.

ಪ್ರಶಿಕ್ಷಣಾರ್ಥಿಯೊಬ್ಬರು ಗಿಟಾರಿಗೆಂದು ಒಂದೇ ಟ್ರಾನ್ಸಿಸ್ಟರಿನ ಡಿಸ್ಟಾರ್ಷನ್ ಪೆಡಲ್ ಮಾಡಿದ್ದರು. ಸದ್ದು ಬರುತ್ತಿತ್ತು, ಆದರೆ ತೀರಾ ಕ್ಷೀಣ. 9 ವೋಲ್ಟ್ ಬ್ಯಾಟರಿ ಸರಿಯಿತ್ತು. 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಒಂದು ಕಾಲನ್ನು ಆಂಪ್ಲಿಫೈಯರಿಗೆ ಜೋಡಿಸಿ, ಇನ್ನೊಂದರಿಂದ ಸರ್ಕ್ಯೂಟನ್ನು ಬಿಂದು ಬಿಂದುವಾಗಿ ಮುಟ್ಟುತ್ತ ಬಂದರು. ಬೇಸ್‌ವರೆಗೆ ಸಂಕೇತ ಚೆನ್ನಾಗಿತ್ತು. ಮುಂದೆ ಬೆಳೆಯಲೇ ಇಲ್ಲ. ನಕ್ಷೆಯಲ್ಲಿದ್ದ 2ಎನ್3904 ಸಿಗದೆ ಬಿ.ಸಿ. 547 ಹಾಕಿದ್ದರು. ಚಪ್ಪಟೆ ಮುಖ ನಮ್ಮೆಡೆಗಿದ್ದಾಗ ಮೊದಲನೆಯದರ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಎರಡನೆಯದರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಹೀಗೆ ತಿರುಗುಮುರುಗಾದರೂ ಟ್ರಾನ್ಸಿಸ್ಟರ್ ಪೂರ್ತಿ ಸಾಯುವುದಿಲ್ಲ, ವರ್ಧನೆ ಕುಸಿಯುತ್ತದೆ.

ಇಷ್ಟೆಲ್ಲ ನಡೆದದ್ದು ಸ್ಟಾಫ್ ರೂಮಿನಲ್ಲಿ. ಮಕ್ಕಳು ಕಂಡದ್ದು ದುರಸ್ತಿಯಾದ ಪೆಡಲ್, ಮತ್ತು ಚಪ್ಪಾಳೆ ತಟ್ಟಿದರು. ಸಂಕೇತ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎಂದು ಟ್ರಾನ್ಸಿಸ್ಟರಿನ ಹೆಸರೇ ಕೇಳದ ಪ್ರೌಢಶಾಲೆಯ ಮಗುವೂ ಹುಡುಕಬಲ್ಲದು. 40 ನಿಮಿಷ ಸಾಲದು ಎನ್ನುವಿರಾ? ಪಾಠಯೋಜನೆಯಲ್ಲಿ ಎರಡು ಅವಧಿ ಬರೆಯಲಿ, ವೀಕ್ಷಕರಾದ ನಾವು ಎರಡಕ್ಕೂ ಕೂರೋಣ.