ಅವ್ವನ ಬಿ.ಪಿ. ನೋಡಲೂ ಇಂಗ್ಲಿಷೇ ಬೇಕೆ?

ಕನ್ನಡದ ಯುವಕರೇ, ಯುವತಿಯರೇ,

ಬೆಂಗಳೂರಿನಲ್ಲಿ ದುಡಿಯುವ ಮಗ ಬೀಳಗಿಯ ಅವ್ವನಿಗೆ ಬಿ.ಪಿ. ನೋಡುವ ಯಂತ್ರ ಕಳಿಸುತ್ತಾನೆ. ಅವ್ವನಿಗೆ ಸಕ್ಕರೆ ಕಾಯಿಲೆ. ಪೆಟ್ಟಿಗೆ ಬಿಚ್ಚಿದರೆ ಕೈಪಿಡಿ ಇಂಗ್ಲಿಷಿನಲ್ಲಿ. ಕನ್ನಡ? ಹುಡುಕಿದರೂ ಇಲ್ಲ! ಯಂತ್ರ ಮತ್ತೆ ಪೆಟ್ಟಿಗೆ ಸೇರಿ ಅಟ್ಟ ಹತ್ತುತ್ತದೆ. ಆಲಮಟ್ಟಿ ಹಿನ್ನೀರಿಗೆ ಹೊಲ-ಮನೆ ಬಿಟ್ಟುಕೊಟ್ಟ ತಾಲ್ಲೂಕಿನ ತಾಯಿಗೆ ಸಿಗುವ ಮರ್ಯಾದೆ ಇದೇನು?

ಇದು ಬರೀ ಅಭಿಮಾನದ ಮಾತಲ್ಲ, ಜೀವದ ಮಾತು. ಸಕ್ಕರೆ ಕಾಯಿಲೆಯ ಜೊತೆ ರಕ್ತದೊತ್ತಡವೂ ಏರಿದರೆ ಮೂತ್ರಪಿಂಡ, ಕಣ್ಣು, ಹೃದಯ, ಮಿದುಳು ನಾಲ್ಕಕ್ಕೂ ಪೆಟ್ಟು. ಏರಿದ್ದು ಬಹುಮಟ್ಟಿಗೆ ಮೈಗೆ ಗೊತ್ತಾಗುವುದಿಲ್ಲ, ಅಳೆದರಷ್ಟೇ ಗೊತ್ತು. ತಪ್ಪಾಗಿ ಅಳೆದರೆ ಅಂಕಿಯೂ ಸುಳ್ಳು.

ತಡೆ ಎಲ್ಲಿದೆ? ಪೊಟ್ಟಣ ಸರಕುಗಳ ಕುರಿತ 2011ರ ಕೇಂದ್ರ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲವಂತೆ, ಆದರೆ ಕಡ್ಡಾಯವಿಲ್ಲ! ಪೆಟ್ಟಿಗೆಯ ಮೇಲೇ ಕನ್ನಡ ಬೇಡವಾದ ಮೇಲೆ ಒಳಗಿನ ಕೈಪಿಡಿಗೆ ಎಲ್ಲಿಂದ ಬಂದೀತು? ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಸರಕಿನ ಮೇಲೆ ಕನ್ನಡ ಬೇಕೆನ್ನುವುದು ಇಲ್ಲಿ ತಯಾರಾದದ್ದಕ್ಕೆ. ಹೊರಗಿನಿಂದ ಬಂದ ಯಂತ್ರ ನುಣುಚಿಕೊಳ್ಳುತ್ತದೆ.

ವೈದ್ಯಕೀಯವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರಿಗೆ ಡಾ. ಅನುಪಮಾ ನಿರಂಜನರ 'ತಾಯಿ-ಮಗು' ಎಂದೋ ಉತ್ತರ ಕೊಟ್ಟಿದೆ. ನಾವೂ ಹೇಳುತ್ತೇವೆ, ಕೇಳಿ:

ಅಳೆಯುವ ಅರ್ಧ ಗಂಟೆ ಮೊದಲು ಚಹಾ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕೂಡಬೇಕು. ಪಾದ ನೆಲದ ಮೇಲೆ, ಪಟ್ಟಿ ಬರಿ ತೋಳಿಗೆ, ತೋಳು ಎದೆಯ ಮಟ್ಟಕ್ಕೆ. ಮಾತು ಬೇಡ. ಮುಂಜಾನೆ ಗುಳಿಗೆ ನುಂಗುವ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ 1 ನಿಮಿಷ ಬಿಟ್ಟು. ಹೀಗೆ 7 ದಿನ ಬರೆದಿಟ್ಟು ಡಾಕ್ಟರಿಗೆ ತೋರಿಸಬೇಕು. ಮನೆಯ ಸರಾಸರಿ 135/85 ಮುಟ್ಟಿದರೆ ಹೆಚ್ಚೆಂದೇ ತಿಳಿಯಬೇಕು. ಗುಳಿಗೆ ತಾವೇ ಹೆಚ್ಚು-ಕಡಿಮೆ ಮಾಡಕೂಡದು. 180/120 ದಾಟಿ ಎದೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆ. ಮಾತು ತೊದಲಿದರೆ, ಕೈಕಾಲು ಸೋತರೆ ಅಂಕಿ ನೋಡುತ್ತ ಕೂರಲೇಬೇಡಿ.

ಇದರಲ್ಲಿ ಯಾವ ಮಾತು ಕನ್ನಡಕ್ಕೆ ಭಾರವಾಯಿತು?

ರಾಜ್ಯದಲ್ಲಿ ಮಾರುವ ಪ್ರತಿ ಯಂತ್ರದ ಜೊತೆ ಕನ್ನಡ ಕೈಪಿಡಿ ಕಡ್ಡಾಯವಾಗಲಿ. ಕೇಂದ್ರ ತನ್ನ ನಿಯಮ ತಿದ್ದಲಿ. ನಮ್ಮ ಸಂಸದರು ಬಾಯಿ ಬಿಡಲಿ! ಅಲ್ಲಿಯವರೆಗೆ ನೀವು ಸುಮ್ಮನಿರಬೇಡಿ. ಅಂಗಡಿಯಲ್ಲಿ ಕನ್ನಡ ಕೈಪಿಡಿ ಕೇಳಿ, ಕಂಪನಿಗೆ ಕನ್ನಡದಲ್ಲೇ ಪತ್ರ ಬರೆಯಿರಿ. ಊರಿಗೆ ಹೋದಾಗ ಮೇಲಿನ ಸಾಲುಗಳನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಅವ್ವನ ಕೈಯಿಂದಲೇ ಒಮ್ಮೆ ಅಳೆಯಿಸಿ ನೋಡಿ. ನವೆಂಬರಿನಲ್ಲಿ ಬಾವುಟ ಹಿಡಿದ ಕೈ ಇಷ್ಟನ್ನೂ ಮಾಡದಿದ್ದರೆ ಆ ಬಾವುಟಕ್ಕೇನು ಬೆಲೆ?